ಜಾಡಿಯ ತಳ

ತಮ್ಮನ ಹೆಂಡತಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಒಣಗಿದ ಕಬ್ಬಿನ ಸುಳಿಗಳು, ಮೂವತ್ತೋ ನಲವತ್ತೋ, ಉದುರಿ ಬಿದ್ದವು. ಬುಡ ಕೊಳೆತು ಕಂದು ಬಣ್ಣಕ್ಕೆ ತಿರುಗಿದ್ದ ಅವುಗಳ ನಾತ ಕೋಣೆಗೆಲ್ಲ ಹರಡಿತು.

"ನೋಡಿ ಅತ್ತಿಗೆ, ಚೆನ್ನಾಗಿ ನೋಡಿ. ಕೈ ಹಾಕಿದ್ರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರ್ತಿವೆ. ಇದನ್ನೂ ನನ್ನ ಗಂಡನೇ ಬಿಸಿಲಿಗಿಟ್ಟು ಮಾಡಿದ್ದಾ? ಹತ್ತು ಜನರ ಎದುರಿಗೆ ಹೇಳೋಕೆ ಬರುತ್ತಲ್ಲ ನಿಮಗೆ, ಈಗ ನನ್ನ ಎದುರಿಗೂ ಹೇಳಿ."

ಹುಳದಕ್ಕ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟಳು. ಹುಳದಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಬೆಳೆಗಾರರ ಸಂಘದ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹುಳ ಸಾಕುತ್ತಿರುವವಳನ್ನು ಇನ್ನೇನಂತ ಕರೆದಾರು? ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅವಳೇ ಫೋನಿನಲ್ಲಿ "ನಾನು ಹುಳದಕ್ಕ ಮಾತಾಡ್ತಿರೋದು" ಅನ್ನತೊಡಗಿದಳು.

"ಕೂತ್ಕೊಳ್ಳೇ," ಅಂದಳು.

"ಕೂರೋಕೆ ಬಂದಿಲ್ಲ ನಾನು. ಕಾರ್ಡುಗಳನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು ಕೊಟ್ಟವಳು ನಾನೇ. ಹೆತ್ತ ಮಗೂನೂ ಅಷ್ಟು ಜೋಪಾನವಾಗಿ ಎತ್ಕೊಂಡಿರಲಿಲ್ಲ ಈ ಮಹಾರಾಯ. ಸಂಜೆ ತಂಪಾದ ಮೇಲೆ ಒಂದೊಂದೇ ಎಲೆಗೆ ಕಟ್ಟಿದ್ರು. ಸ್ಕೂಟರಿನ ಡಿಕ್ಕಿಯಲ್ಲಿ ಬೇಯಿಸಿದ್ರಂತೆ! ನಮ್ಮ ಸ್ಕೂಟರಿಗೆ ಡಿಕ್ಕಿ ಮುಚ್ಚೋಕೇ ಬರಲ್ಲ, ಅದು ಗೊತ್ತಾ ನಿಮಗೆ?"

ಹುಳದಕ್ಕ ಬಾಯಿ ತೆರೆದಳು. ಕೆಮ್ಮು ಹೊರಟಿತು. ಕೆಮ್ಮು ಮುಗಿಯುವವರೆಗೂ ತಮ್ಮನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಪಾಪ ಅನ್ನಿಸಿದ್ದು ಮುಖದಲ್ಲಿ ಕಾಣಿಸಬಾರದು ಅಂತ ಕಿಟಕಿ ಕಡೆ ನೋಡುತ್ತಿದ್ದಳು.

"ನಾಳೆ ಬೆಳಿಗ್ಗೆ ಔಷಧಿ ಹೊಡೆಯೋನು ಬರ್ತಾನೆ. ಹೇಳಿ ಆಗಿದೆ. ಹತ್ತೊಂಬತ್ತು ವರ್ಷ ಅಕ್ಕ ಅಕ್ಕ ಅಂತ ಔಷಧಿ ಮುಟ್ಟಿರಲಿಲ್ಲ ಅವರು. ಈಗ ಸಾಕಂತೆ," ಅಂದು ಖಾಲಿ ಚೀಲ ಮಡಿಚಿಕೊಂಡಳು. "ಸುಳಿಗಳನ್ನ ನೀವೇ ಇಟ್ಕೊಳ್ಳಿ."

ಅವಳ ಚಪ್ಪಲಿಯ ಸದ್ದು ಅಂಗಳ ದಾಟಿದ ಮೇಲೆ ಹುಳದಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಒಂದು ಸುಳಿಯನ್ನು ಎತ್ತಿ ಸೀಳಿದಳು. ಒಳಗೆ ಮೈತುಂಬ ಗೆರೆಗಳಿದ್ದ ಹುಳ ಬೆಳಕು ಕಂಡು ಹಿಂದೆ ಸರಿಯಿತು. ತಿಂದುಂಡು ದುಂಡಗಾಗಿತ್ತು.

ಈ ಹುಳ ಹುಟ್ಟಲೇಬಾರದಿತ್ತು. ಅದಕ್ಕೆ ತಾನೇ ಈ ಕೋಣೆ ಇರುವುದು? ಕಬ್ಬು ಕೊರೆಯುವ ಹುಳದ ಪತಂಗ ಎಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಒಂದು ಕಣಜವಿದೆ. ಕಚ್ಚುವ ಕಣಜವಲ್ಲ, ಸಾಸಿವೆ ಕಾಳಿನ ಕಾಲು ಭಾಗದಷ್ಟೂ ಇಲ್ಲದ, ಭೂತಗನ್ನಡಿಯಿಲ್ಲದೆ ಕಾಣದ ಜೀವ. ಅದರ ಮರಿ ಒಳಗಿದ್ದುದನ್ನೆಲ್ಲ ತಿಂದು, ಮೊಟ್ಟೆ ಕಪ್ಪಾಗಿ, ಕೊನೆಗೆ ಅದರಿಂದ ಹುಳದ ಬದಲು ಕಣಜ ಹೊರಬರುತ್ತದೆ. ಹುಳದಕ್ಕ ಇವನ್ನು ಲಕ್ಷಗಟ್ಟಲೆ ಸಾಕುತ್ತಾಳೆ. ತಟ್ಟೆಗಳಲ್ಲಿ ಕಾಳಿನ ನುಚ್ಚು, ನುಚ್ಚಿನಲ್ಲಿ ಬೇರೊಂದು ಜಾತಿಯ ಪತಂಗ. ಆ ಪತಂಗದ ಮೊಟ್ಟೆಗಳನ್ನು ರಟ್ಟಿನ ಕಾರ್ಡಿಗೆ ಅಂಟಿಸಿ ಕಣಜಗಳಿಗೆ ಒಡ್ಡಿದರೆ ನಾಲ್ಕು ದಿನಕ್ಕೆ ಕಾರ್ಡು ಕಪ್ಪಾಗುತ್ತದೆ. ಬೆಳೆಗಾರರು ಅದನ್ನು ಒಯ್ದು ಕಬ್ಬಿನ ಎಲೆಗೆ ಕಟ್ಟುತ್ತಾರೆ. ಕಣಜ ಹೊರಬಂದು, ಹಾರಿ, ಗದ್ದೆಯಲ್ಲಿರುವ ಮೊಟ್ಟೆಗಳನ್ನು ಹುಡುಕಿಕೊಂಡು ಹೋಗುತ್ತದೆ.

ಹೋಗಬೇಕು.

ಹೋದ ವಾರದ ಸಭೆಯಲ್ಲಿ ನಾಲ್ಕೈದು ಜನ ಒಟ್ಟಿಗೆ ಎದ್ದು, ಕಾರ್ಡು ಕಟ್ಟಿದರೂ ಸುಳಿ ಒಣಗುತ್ತಿದೆ ಅಂದರು. ಹುಳದಕ್ಕ ಮೇಜು ಹಿಡಿದು ನಿಂತು, "ನನ್ನ ಕಾರ್ಡು ಸರಿಯಾಗೇ ಇದೆ. ಡಿಕ್ಕಿಯಲ್ಲಿಟ್ಟು ಬಿಸಿಲಿಗೆ ಬೇಯಿಸಿದ್ರೆ ಯಾವ ಹುಳ ಬದುಕುತ್ತೆ? ನನ್ನ ತಮ್ಮನೇ ಹಾಗೆ ಮಾಡ್ತಾನೆ, ಇನ್ನು ಬೇರೆಯವರ ಮಾತೇನು?" ಅಂದುಬಿಟ್ಟಳು. ಅವನು ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಬಾಯಿಗೆ ಬಂದ ಹೆಸರು ಅವನದು. ಜನ ತಿರುಗಿ ನೋಡಿದರು. ಹಿಂದಿನ ಬೆಂಚಿನಲ್ಲಿದ್ದ ತಮ್ಮ ಅರ್ಧ ಎದ್ದವನು ಹಾಗೇ ಕೂತ. ದಿನಾ ಬೆಳಿಗ್ಗೆ "ಅಕ್ಕಾ, ಉಸಿರು ಹೇಗಿದೆ?" ಅಂತ ಫೋನ್ ಮಾಡುವವನು ಅವತ್ತಿನಿಂದ ಮಾಡಿರಲಿಲ್ಲ.

ಉಸಿರು ಹೇಗಿದೆ ಅನ್ನುವುದನ್ನು ಅವಳು ಯಾರಿಗೂ ಪೂರ್ತಿ ಹೇಳಿದವಳಲ್ಲ. ಪತಂಗದ ರೆಕ್ಕೆಯಿಂದ ಉದುರುವ ಹೊಟ್ಟು ಹಿಟ್ಟಿಗಿಂತ ನುಣುಪು. ಮೂಗಿಗೆ ಬಟ್ಟೆ ಕಟ್ಟಿದರೂ ಒಳಗೆ ಹೋಗುತ್ತದೆ. ಹತ್ತೊಂಬತ್ತು ವರ್ಷ ಹೋಗಿದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಈ ಕೆಲಸ ಬಿಡಿ ಅಮ್ಮ" ಅಂದಿದ್ದರು. ಬಿಟ್ಟು ಏನು ಮಾಡುವುದು? ಗಂಡ ಹೋಗಿ ಹನ್ನೆರಡು ವರ್ಷವಾಯಿತು, ಮಕ್ಕಳಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುವುದೇ? ಈ ಕೋಣೆಯಲ್ಲಾದರೆ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಸಾವಿರಾರು ಜೀವಗಳು ಅವಳ ಕೈಗಾಗಿ ಕಾಯುತ್ತಿರುತ್ತವೆ.

ಆದರೆ ಒಂದು ಕೆಲಸವನ್ನು ಅವಳು ಬಿಟ್ಟಿದ್ದಳು. ಸಾಕಿದ ಕಣಜಕ್ಕೆ ವರ್ಷಕ್ಕೊಮ್ಮೆ ಹೊರಗಿನ ರಕ್ತ ಸೇರಬೇಕು. ಗದ್ದೆಗೆ ಇಳಿದು, ಎಲೆ ಎಲೆ ಮಗುಚಿ, ತಾನಾಗಿ ಕಪ್ಪಾದ ಮೊಟ್ಟೆ ಹುಡುಕಿ ತಂದು ಕೋಣೆಯ ಬಳಗಕ್ಕೆ ಬೆರೆಸಬೇಕು. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕೂತಲ್ಲೇ ಊಟ, ಕೂತಲ್ಲೇ ಸಂಸಾರ. ತಲೆಮಾರು ತಲೆಮಾರು ಹಾಗೆ ಕಳೆದರೆ ಕಣಜ ಸೋಮಾರಿಯಾಗುತ್ತದೆ. ಕಾರ್ಡು ನೋಡಲು ಮಾತ್ರ ಕಪ್ಪಗೆ ಮಿರಿಮಿರಿ ಮಿಂಚುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಎರಡು ವರ್ಷದ ಹಿಂದೆ ಮಳೆ ಶುರುವಾದಾಗ ಜ್ವರವಿತ್ತು, ಹೋಗಲಿಲ್ಲ. ಮರುವರ್ಷ ಹೋದಳು. ಕಬ್ಬಿನ ಮೂರನೇ ಸಾಲಿಗೆ ಉಸಿರು ಕಟ್ಟಿ, ಕಣ್ಣಿಗೆ ಕತ್ತಲೆ ಕವಿದು, ಬದುವಿನ ಮೇಲೆ ಕೂತು ವಾಪಸ್ಸು ಬಂದಳು. ಈ ವರ್ಷ ಹೊರಡಲೇ ಇಲ್ಲ. ಮೂರು ವರ್ಷವೂ ಕೋಣೆಯ ಪುಸ್ತಕದಲ್ಲಿ, ತನ್ನ ದುಂಡು ಅಕ್ಷರದಲ್ಲಿ, "ಹೊಸ ತಳಿ ಸೇರಿಸಲಾಗಿದೆ" ಅಂತ ಬರೆದಳು.

ಗೋಡೆಯ ಮೇಲಿನ ಹಲಗೆಯಲ್ಲಿ ಉದ್ದನೆಯ ಗಾಜಿನ ಜಾಡಿಯಿತ್ತು. ಸ್ಟೂಲು ಹತ್ತಿ ಇಳಿಸಿದಳು. ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳಿತ್ತು. ತೊಳೆದಳು, ಒರೆಸಿದಳು, ಒಳಗೆ ಕೈಹಾಕಿ ತಳದಿಂದ ಎರಡು ಬೆರಳು ಮೇಲೆ ಅಂಟಿನ ಒಂದು ಪಟ್ಟಿ ಬಳಿದಳು. ಗಾಜಿನ ಮುಚ್ಚಳದ ಒಳಮೈಗೂ ಅಂಟು ಹಚ್ಚಿದಳು. ಇವತ್ತು ಕಣಜ ಹೊರಬರಬೇಕಾದ ಕಾರ್ಡಿನಿಂದ ಉಗುರಿನಗಲ ಕತ್ತರಿಸಿ ತಳದಲ್ಲಿಟ್ಟು, ಮುಚ್ಚಿ, ಸುತ್ತ ಕಪ್ಪು ಕಾಗದ ಸುತ್ತಿದಳು. ಬೆಳಕು ಮೇಲಿಂದ ಮಾತ್ರ. ಹಾರುವ ಕಣಜ ಬೆಳಕಿಗೆ ಹಾರಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ನಡೆಯುವುದು ಗೋಡೆ ಹತ್ತಲು ಹೋಗಿ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೂ ಆಗದ್ದು ತಳದಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಮಾಡಬೇಕಾದ ಪರೀಕ್ಷೆ ಇದು. ಕೊನೆಯ ಸಲ ಯಾವಾಗ ಮಾಡಿದ್ದು ಅಂತ ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಮಧ್ಯಾಹ್ನದ ಊಟದ ಡಬ್ಬಿಯನ್ನು ಅವಳು ತೆಗೆಯಲಿಲ್ಲ. ತಟ್ಟೆಗಳ ಬಟ್ಟೆ ಸರಿಪಡಿಸಿದಳು, ನೆಲ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಜಾಡಿಯ ಕಡೆ ನೋಡಬಾರದು ಅಂದುಕೊಂಡು ಅದರ ಕಡೆಯೇ ನೋಡುತ್ತಿದ್ದಳು. ಒಂದು ವೇಳೆ ತಮ್ಮ ನಿಜವಾಗಿಯೂ ಬಿಸಿಲಿಗೆ ಇಟ್ಟಿದ್ದರೆ? ದೇವರೇ, ಇಟ್ಟಿರಲಿ. ಒಂದೇ ಒಂದು ಗಳಿಗೆ ಇಟ್ಟಿರಲಿ. ಒಡಹುಟ್ಟಿದವನು ತಪ್ಪು ಮಾಡಿರಲಿ ಅಂತ ಹೀಗೆ ಬೇಡಿಕೊಳ್ಳುವ ಕಾಲ ಬಂತಲ್ಲ ತನಗೆ ಅಂತ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೂರು ಗಂಟೆಗೆ ಕಾಗದ ಬಿಚ್ಚಿದಳು. ಭೂತಗನ್ನಡಿ ಹಿಡಿದು ಮೊದಲು ಮುಚ್ಚಳ ನೋಡಿದಳು. ಒಂಬತ್ತು. ಮತ್ತೆ ಎಣಿಸಿದಳು, ಒಂಬತ್ತೇ. ನೂರಾರು ಇರಬೇಕಾದ ಜಾಗ ಅದು. ಪಟ್ಟಿಯ ಮೇಲೆ ಕರಿ ಚುಕ್ಕೆಗಳು ಒತ್ತಾಗಿ ಕೂತಿದ್ದವು. ಉಳಿದವು ತಳದಲ್ಲಿದ್ದವು. ಸತ್ತಿರಲಿಲ್ಲ, ಅದೇ ದೊಡ್ಡ ಸಂಕಟ. ರೆಕ್ಕೆ ನೆಟ್ಟಗಿದ್ದವು, ಕಾಲು ನೆಟ್ಟಗಿದ್ದವು. ರಟ್ಟಿನ ತುಂಡನ್ನು ಹತ್ತಿ ಇಳಿದು, ಇಳಿದು ಹತ್ತಿ, ನಡೆಯುತ್ತಿದ್ದವು.

"ಏನಮ್ಮಾ, ಜಾಡಿಯೊಳಗೆ ಏನು ನಿಧಿ ಸಿಕ್ತು?" ಅನ್ನುತ್ತಾ ಸಂಘದ ಕಾರ್ಯದರ್ಶಿ ಒಳಗೆ ಬಂದರು. ಯಾವಾಗಲೂ ಆತುರದಲ್ಲಿರುವ ಮನುಷ್ಯ. ಕೈಯಲ್ಲಿ ಟೈಪ್ ಮಾಡಿಸಿದ ಹಾಳೆಯಿತ್ತು. "ನಾಲ್ಕಕ್ಕೆ ಸಭೆ. ಇದಕ್ಕೊಂದು ಸಹಿ ಹಾಕಿಬಿಡಿ. ನಿಮ್ಮ ಪರವಾಗೇ ಬರೆಸಿದ್ದೀನಿ."

ಅವಳು ಓದಿದಳು. ಕಾರ್ಡುಗಳನ್ನು ಬಿಸಿಲಿಗಿಟ್ಟು ಹಾಳು ಮಾಡಿದ ಬೆಳೆಗಾರರಿಗೆ ಮುಂದಿನ ಸಲ ಕಾರ್ಡು ಕೊಡುವುದಿಲ್ಲ ಅಂತಿತ್ತು. ಕೆಳಗೆ ಐದು ಹೆಸರು. ಮೊದಲನೆಯದು ತಮ್ಮನದು.

ಅವಳು ಜಾಡಿಯನ್ನೂ ಭೂತಗನ್ನಡಿಯನ್ನೂ ಅವರ ಕಡೆ ಸರಿಸಿದಳು. ಕಾರ್ಯದರ್ಶಿ ಬಗ್ಗಿ ನೋಡಿದರು. ಆ ಪರೀಕ್ಷೆ ಅವರಿಗೂ ಗೊತ್ತಿತ್ತು. ನೋಡುತ್ತಾ ನೋಡುತ್ತಾ ಅವರ ಮುಖದಿಂದ ತಮಾಷೆ ಇಳಿಯಿತು. ಹೋಗಿ ಬಾಗಿಲು ಮುಚ್ಚಿ ಬಂದರು.

"ಎಷ್ಟು ದಿನದಿಂದ?"

"ಮೂರು ವರ್ಷದಿಂದ ಗದ್ದೆಯಿಂದ ಹೊಸದು ತಂದಿಲ್ಲ ನಾನು. ಆಗಲಿಲ್ಲ ಸರ್. ಪುಸ್ತಕದಲ್ಲಿ ಬರೆದಿದ್ದೆಲ್ಲ ಸುಳ್ಳು."

ಕಾರ್ಯದರ್ಶಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಸರಿ. ಆಯ್ತು. ಇದು ನಮ್ಮಿಬ್ಬರಲ್ಲೇ ಇರಲಿ. ಬೇರೆ ಊರಿನ ಸಂಘದಿಂದ ಗುಟ್ಟಾಗಿ ಹೊಸ ತಳಿ ತರಿಸೋಣ."

"ಅವರಿಗೆ ಕೊಟ್ಟಿದ್ದೂ ನಾನೇ ಸರ್. ಎಲ್ಲಾ ಇದರ ಸಂತಾನವೇ."

"ಅಯ್ಯೋ ನಿಮ್ಮ... ಹೋಗ್ಲಿ, ಏನೋ ಮಾಡೋಣ. ಈಗ ಬಾಯಿ ಬಿಟ್ರೆ ಏನಾಗುತ್ತೆ ಗೊತ್ತಾ? ಈ ಕೋಣೆಗೆ ಬೀಗ ಬೀಳುತ್ತೆ. ನಾಳೆಯಿಂದ ಎಲ್ಲರೂ ಡ್ರಮ್ಮುಗಟ್ಟಲೆ ಔಷಧಿ ಸುರಿಯೋಕೆ ನಿಲ್ತಾರೆ. ಹತ್ತೊಂಬತ್ತು ವರ್ಷದ ಕೆಲಸ ನೀರಿನಲ್ಲಿ ಹೋಮ. ಅದಕ್ಕಿಂತ ಈ ಹಾಳೆ ಓದಿಬಿಡೋಣ. ಜನ ನಾಲ್ಕು ದಿನ ಗೊಣಗ್ತಾರೆ, ಮರೀತಾರೆ. ನಿಮ್ಮ ತಮ್ಮ ತಾನೇ? ಮನೆಯವನು. ಹೊಟ್ಟೆಗೆ ಹಾಕ್ಕೋತಾನೆ." ಹೊರಡುವ ಮುಂಚೆ ತಿರುಗಿ ಮೆತ್ತಗೆ ಅಂದರು, "ಆ ಜಾಡಿ ತೊಳೆದಿಟ್ಟುಬಿಡಿ."

ಅವಳಿಗೆ ಸುಸ್ತಾಗಿತ್ತು. ಈಗ ಬಂದ ಸುಸ್ತಲ್ಲ. ಮೂರು ವರ್ಷದಿಂದ ಆ ದುಂಡು ಅಕ್ಷರಗಳನ್ನು ಎದೆಯ ಮೇಲೆ ಹೊತ್ತ ಸುಸ್ತು. ಸಹಿ ಹಾಕಿದರೆ ಮನೆಗೆ ಹೋಗಿ ಮಲಗಬಹುದು. ಜಾಡಿಯನ್ನು ಮೂಲೆಯ ನಲ್ಲಿಗೆ ಒಯ್ದು ಮುಚ್ಚಳ ತೆಗೆದಳು. ನಲ್ಲಿ ತಿರುಗಿಸಿದಳು. ತಳದಿಂದ ರಟ್ಟಿನ ತುಂಡನ್ನು ಎತ್ತಿದಾಗ ನಾಲ್ಕೈದು ಕಣಜಗಳು ಅವಳ ಬೆರಳ ಮೇಲೆ ಬಂದವು. ಕಿಟಕಿ ತೆರೆದಿತ್ತು, ಬೆಳಕಿತ್ತು, ಗಾಳಿಯೂ ಇತ್ತು. ಅವು ಉಗುರಿನ ತನಕ ನಡೆದು, ಅಲ್ಲಿ ನಿಂತು, ವಾಪಸ್ಸು ಅಂಗೈ ಕಡೆ ನಡೆದವು.

ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಅದನ್ನು ನಿಲ್ಲಿಸಿದಳು. ರಟ್ಟನ್ನು ಒಳಗಿಟ್ಟು ಮುಚ್ಚಳ ಹಾಕಿ, ಜಾಡಿಯನ್ನು ಟವೆಲ್ಲಿನಲ್ಲಿ ಸುತ್ತಿ, ಭೂತಗನ್ನಡಿಯನ್ನೂ ಹಿಡಿದುಕೊಂಡು ಸಭೆಗೆ ನಡೆದಳು.

ಹಾಲ್ ತುಂಬಿತ್ತು. ಫ್ಯಾನು ಗಟಗಟ ಅನ್ನುತ್ತಿತ್ತು. ತಮ್ಮ ಅದೇ ಹಿಂದಿನ ಬೆಂಚಿನಲ್ಲಿ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಅಕ್ಕ ಬಂದದ್ದು ಕಂಡು ಟೋಪಿ ನೋಡತೊಡಗಿದ. ಕಾರ್ಯದರ್ಶಿ ಹಾಳೆ ಹಿಡಿದು ಗಂಟಲು ಸರಿಮಾಡಿಕೊಂಡರು.

"ಸರ್, ನಾನೊಂದು ಮಾತಾಡ್ತೀನಿ," ಅಂದಳು ಹುಳದಕ್ಕ. ಅವರು ಕಣ್ಣಲ್ಲೇ ಬೇಡ ಅಂದರು. ಅವಳು ಜಾಡಿಯನ್ನು ಮೇಜಿನ ಮೇಲಿಟ್ಟು ಟವೆಲ್ ಬಿಚ್ಚಿದಳು.

"ತಪ್ಪು ನನ್ನದು. ಕಾರ್ಡು ಸರಿ ಇರಲಿಲ್ಲ. ನನ್ನ ಹುಳ ಹಾರ್ತಿಲ್ಲ. ವರ್ಷ ವರ್ಷ ಗದ್ದೆಯಿಂದ ಹೊಸದು ತರಬೇಕಿತ್ತು, ಮೂರು ವರ್ಷ ತರಲಿಲ್ಲ. ತಂದಿದ್ದೀನಿ ಅಂತ ಸುಳ್ಳು ಬರೆದೆ." ಇಲ್ಲಿ ಉಸಿರು ನಿಂತಿತು. ಬಾಯಿ ತೆರೆದು ಗಾಳಿ ಎಳೆದುಕೊಂಡಳು. "ನನ್ನ ತಮ್ಮ ಬಿಸಿಲಿಗೆ ಇಟ್ಟಿರಲಿಲ್ಲ. ಅದನ್ನೂ ನಾನೇ ಕಟ್ಟಿ ಹೇಳಿದ್ದು. ನೀವ್ಯಾರೂ ತಪ್ಪು ಮಾಡಿಲ್ಲ."

ಮುಂದಿನ ಸಾಲಿನಲ್ಲಿ, ಮೂಗಿನ ಮೇಲೊಂದು ಹಣೆಯ ಮೇಲೊಂದು ಹೀಗೆ ಯಾವಾಗಲೂ ಎರಡು ಕನ್ನಡಕವಿರುವ ಹಿರಿಯ ಬೆಳೆಗಾರರು ಎದ್ದು ಬಂದರು. ಹಣೆಯದನ್ನು ಇಳಿಸಿ, ಭೂತಗನ್ನಡಿ ಹಿಡಿದು ಜಾಡಿಯೊಳಗೆ ನೋಡಿದರು. "ನಡೀತಾವಲ್ರೀ ಇವು!" ಅಂದರು, ಬೇರೇನೂ ತೋಚದವರಂತೆ. ಜಾಡಿ ಕೈಯಿಂದ ಕೈಗೆ ಹೋಯಿತು. ಆಮೇಲೆ ಬಾಯಿಗಳು ಬಿಚ್ಚಿಕೊಂಡವು.

"ನಿಮ್ಮನ್ನ ನಂಬಿ ಔಷಧಿ ಬಿಟ್ವಲ್ರೀ!"

"ಮೂರು ವರ್ಷ ನಮ್ಮ ಕೈಲಿ ರಟ್ಟು ಕಟ್ಟಿಸಿದ್ರಾ?"

"ಆಗಲ್ಲ ಅಂದಿದ್ರೆ ನಾವೇನು ಕತ್ತು ಹಿಸುಕ್ತಿದ್ವಾ? ನಾವೇ ಹುಡುಕಿ ತರ್ತಿರಲಿಲ್ವಾ?"

ಈ ಕೊನೆಯ ಮಾತು ಅವಳಿಗೆ ಸರಿಯಾಗಿ ತಾಗಿತು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಕೇಳಿದರೆ ಮನೆಗೆ ಕಳಿಸುತ್ತಾರೆ ಅಂತಷ್ಟೇ ಹೆದರಿದ್ದಳು.

ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾಳೆಯಿಂದ ಎಲ್ಲರೂ ಔಷಧಿ ಹೊಡೆಯುವುದು. ಕೋಣೆಯ ಬೀಗದ ಕೈ ಸೋಮವಾರ ಸಂಘಕ್ಕೆ. "ಅಷ್ಟರಲ್ಲಿ ನಾನು ಹೊಸ ತಳಿ ತಂದ್ರೆ?" ಅಂತ ಅವಳು ಕೇಳಿದಳು. ಎರಡು ಕನ್ನಡಕದ ಯಜಮಾನರು ಬೇಸರದಿಂದ ಅಂದರು, "ಎಲ್ಲಿಂದ ತರ್ತೀಯಮ್ಮಾ? ಸುಳಿ ಒಣಗೋಕೆ ಶುರುವಾದಾಗಿಂದ ಅರ್ಧ ಜನ ಕದ್ದು ಹೊಡೀತಾನೇ ಇದ್ದಾರೆ. ಎಲ್ಲಿ ಉಳಿದಿರುತ್ತೆ?"

ಅವಳು ಹಿಂದಿನ ಬೆಂಚು ನೋಡಿದಳು. ತಮ್ಮ ಆಗಲೇ ಎದ್ದು ಹೋಗಿದ್ದ. ಯಾವಾಗ ಹೋದನೋ, ಅವಳ ಕಡೆ ಒಮ್ಮೆ ತಿರುಗಿಯೂ ನೋಡಿರಲಿಲ್ಲ.

ಉಳಿದಿದ್ದರೆ ಅವನ ಗದ್ದೆಯಲ್ಲೇ. ಹತ್ತೊಂಬತ್ತು ವರ್ಷ ಒಂದು ಹನಿ ಔಷಧಿ ಬೀಳದ ಮಣ್ಣು ಸುತ್ತಮುತ್ತ ಅದೊಂದೇ. ನಾಳೆ ಬೆಳಿಗ್ಗೆ ಅಲ್ಲೂ ಬೀಳುತ್ತದೆ. ಹುಳದಕ್ಕ ಕೋಣೆಗೆ ಹೋಗಿ ಗಾಜಿನ ನಳಿಕೆಗಳನ್ನೂ ಭೂತಗನ್ನಡಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು. ಗದ್ದೆ ದೂರವೇನಲ್ಲ. ಆದರೂ ದಾರಿಯಲ್ಲಿ ನಾಲ್ಕು ಸಲ ನಿಲ್ಲಬೇಕಾಯಿತು. ನಾಲ್ಕನೇ ಸಲ ಬೇಲಿಯ ಕಂಬಕ್ಕೆ ಒರಗಿ, ಅಲ್ಲೇ ಕೂತುಬಿಡೋಣ ಅನ್ನಿಸಿತು. ಹೊತ್ತು ಮುಳುಗಲು ಇನ್ನು ಒಂದೂವರೆ ಗಂಟೆಯಿತ್ತು.

ತಮ್ಮ ಬದುವಿನ ಮೇಲೆ ಕೂತಿದ್ದ. ಪಕ್ಕದಲ್ಲಿ ನಾಳೆಗೆ ನೀರು ತುಂಬಿಟ್ಟ ನೀಲಿ ಡ್ರಮ್ಮು.

"ಏನು?" ಅಂದ.

"ನಿನ್ನ ಕಬ್ಬಲ್ಲಿ ಒಂದ್ಸಲ ನೋಡ್ಬೇಕು ಕಣೋ. ತಾನಾಗಿ ಬದುಕಿರೋವು ಇದ್ರೆ ಇಲ್ಲೇ ಇರಬೇಕು."

"ಅದಕ್ಕೆ ಬಂದ್ಯಾ?"

"ಅದಕ್ಕೂ ಬಂದೆ."

ಅವನು ಸರಿದು ಜಾಗ ಮಾಡಿದ. ಅವಳು ಕೂತಳು. ಅವಳ ಉಸಿರು ತಹಬಂದಿಗೆ ಬರುವವರೆಗೆ ಅವನು ಒಂದು ಹುಲ್ಲುಕಡ್ಡಿಯನ್ನು ತುಂಡು ತುಂಡು ಮಾಡುತ್ತಿದ್ದ.

"ನಂಗೆ ಗೊತ್ತಿತ್ತು," ಅಂದ. "ಕಟ್ಟೋ ಮುಂಚೆ ಒಂದು ಕಾರ್ಡು ಅಂಗೈ ಮೇಲೆ ಇಟ್ಕೊಂಡು ನೋಡ್ತೀನಿ ನಾನು. ಮೊದಲಿಂದ ರೂಢಿ. ಮುಂಚೆ ಎಲ್ಲಾ ಕಣ್ಣು ಮಿಟುಕಿಸೋದ್ರಲ್ಲಿ ಹೋಗ್ಬಿಡ್ತಿದ್ವು. ಈ ಸಲ ಮೊಣಕೈ ತನಕ ನಡ್ಕೊಂಡು ಬಂದ್ವು."

"ಮತ್ಯಾಕೋ ಅವತ್ತು ಬಾಯಿ ಬಿಡಲಿಲ್ಲ?"

"ಬಿಡೋಣ ಅಂತಲೇ ಎದ್ದಿದ್ದೆ. ನೀನು ಮೇಜು ಹಿಡ್ಕೊಂಡು ನಿಂತಿದ್ದೆ. ನಿಲ್ಲೋಕೇ ಆಗ್ತಿರಲಿಲ್ಲ ನಿಂಗೆ. ಕೂತ್ಬಿಟ್ಟೆ."

ಅವಳಿಗೆ ಅಳು ಬಂತು. ಅತ್ತರೆ ಉಸಿರು ಕಟ್ಟುತ್ತದೆ ಅಂತ ತಡೆದುಕೊಂಡಳು. "ಹೊರಗಿನವರ ಹೆಸರು ಹೇಳಿದ್ರೆ ಜಗಳಕ್ಕೆ ಬರ್ತಿದ್ರು. ನೀನಾದ್ರೆ ಸುಮ್ಮನಿರ್ತೀಯ ಅಂತ..."

"ಅದೇ ಅಕ್ಕಾ ನೋವಾಗಿದ್ದು," ಅಂದ ಅವನು. "ಬೇರೇನೂ ಅಲ್ಲ."

ಅವನು ಎದ್ದು ಟೋಪಿ ಹಾಕಿಕೊಂಡು ಕಬ್ಬಿನೊಳಗೆ ನುಗ್ಗಿದ. ಅವಳೂ ಎದ್ದಳು. ಎರಡನೇ ಸಾಲಿಗೇ ಎದೆ ಹಿಡಿದುಕೊಂಡಿತು. "ನೀನು ಅಲ್ಲೇ ಕೂತ್ಕೋ. ಎಲೆ ನಾನು ತರ್ತೀನಿ," ಅಂತ ಒಳಗಿಂದ ಕೂಗಿದ. ಹಾಗೇ ನಡೆಯಿತು. ಅವನು ಮೊಟ್ಟೆಯಿರುವ ಎಲೆಗಳನ್ನು ಮುರಿದು ತಂದು ಸುರಿಯುವುದು, ಅವಳು ಭೂತಗನ್ನಡಿಯಲ್ಲಿ ನೋಡಿ ಬದಿಗಿಡುವುದು. ಎಲ್ಲಾ ಕೆನೆಬಣ್ಣದವು. ಚಪ್ಪಟೆಯಾಗಿ, ಒಂದರ ಮೇಲೊಂದು ಒರಗಿ, ಜೋಡಿ ಸಾಲಿನಲ್ಲಿದ್ದ ಆರೋಗ್ಯವಂತ ಮೊಟ್ಟೆಗಳು. ಇನ್ನು ನಾಲ್ಕು ದಿನಕ್ಕೆ ಹುಳವಾಗುವಂಥವು. ಬದುವಿನ ಮೇಲೆ ಎಲೆಗಳ ರಾಶಿ ಬೆಳೆಯಿತು. ತಮ್ಮನ ಕೈ ಮೇಲೆಲ್ಲ ಕಬ್ಬಿನ ಗರಿ ಗೀರಿದ ಕೆಂಪು ಗೆರೆಗಳು.

ಅಷ್ಟರಲ್ಲಿ ಗಂಡ ಇನ್ನೂ ಮನೆಗೆ ಬರಲಿಲ್ಲವೆಂದು ಹುಡುಕಿಕೊಂಡು ಅವನ ಹೆಂಡತಿ ಬಂದಳು. ಅತ್ತಿಗೆಯನ್ನು ನೋಡಿ ಮುಖ ಊದಿಸಿದಳು. ಸಭೆಯ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು, ಅದಕ್ಕೇ ಬಾಯಿ ಜೋರು ಮಾಡಲಿಲ್ಲ.

"ಏನು ಹುಡುಕ್ತಿದ್ದೀರಿ ಇಬ್ಬರೂ?"

"ಎಲೆ ಅಡಿಯಲ್ಲಿ ಮೊಟ್ಟೆ. ಕಪ್ಪಗೆ ಇರಬೇಕು."

"ಹಾಳಾದ್ದು, ನನ್ನ ಹಣೆಬರಹ," ಅಂದುಕೊಂಡು ಅವಳೂ ಚಪ್ಪಲಿ ಬಿಟ್ಟು ಇನ್ನೊಂದು ಬದಿಯಿಂದ ಕಬ್ಬಿಗೆ ಇಳಿದಳು. ಒಳಗಿಂದ ಅವಳ ಗೊಣಗಾಟ ಕೇಳುತ್ತಲೇ ಇತ್ತು: ಗರಿ ಕುಯ್ಯಿತು, ಕಾಲಿಗೆ ಮುಳ್ಳು ಚುಚ್ಚಿತು, ಈ ಮನೆಗೆ ಬಂದಾಗಿನಿಂದ ಹುಳ ಬಿಟ್ಟರೆ ಬೇರೆ ಮಾತಿಲ್ಲ.

ಬೆಳಕು ಇಳಿಯುತ್ತಿತ್ತು. ತಮ್ಮ ಕೊನೆಯ ಹೊರೆ ತಂದು ಸುರಿದು ಅಕ್ಕನ ಪಕ್ಕ ಕೂತ. ಹುಳದಕ್ಕ ಒಂದೊಂದೇ ನೋಡಿದಳು. ಕೆನೆ, ಕೆನೆ, ಒಡೆದು ಖಾಲಿಯಾದದ್ದು, ಕೆನೆ. ಕಣ್ಣು ಉರಿಯುತ್ತಿತ್ತು. ಭೂತಗನ್ನಡಿಯನ್ನು ಮಡಿಲಿಗೆ ಹಾಕಿಕೊಂಡಳು.

"ಅತ್ತಿಗೆ, ಇದು ಕಪ್ಪೋ, ಕೊಳೆಯೋ?"

ತಮ್ಮನ ಹೆಂಡತಿ ಒಂದು ಎಲೆಯನ್ನು ಮುರಿಯದೆ, ಗಿಡದಲ್ಲೇ ಬಗ್ಗಿಸಿ ಹಿಡಿದು ನಿಂತಿದ್ದಳು. ಬದುವಿನ ಪಕ್ಕದ ಮೂಲೆಯದೇ ಗಿಡ, ಡ್ರಮ್ಮಿನಿಂದ ನಾಲ್ಕು ಮಾರು. ಹುಳದಕ್ಕ ಎದ್ದು ಹೋಗಿ ಭೂತಗನ್ನಡಿ ಹಿಡಿದಳು. ಹನ್ನೊಂದು ಮೊಟ್ಟೆ. ಅದರಲ್ಲಿ ಏಳು ಕಪ್ಪು. ಕಣಜ ಹೊರಬಂದು ತೂತು ಬಿದ್ದಿದೆಯೇನೋ ಅಂತ ಒಂದೊಂದನ್ನೂ ನೋಡಿದಳು. ಬಿದ್ದಿರಲಿಲ್ಲ. ಏಳೂ ಒಳಗೇ ಇದ್ದವು.

"ಏನಾದ್ರೂ ಹೇಳಿ ಅತ್ತಿಗೆ, ಕೈ ನೋಯ್ತಿದೆ."

"ಕಪ್ಪೇ," ಅಂದಳು ಹುಳದಕ್ಕ.

ತಮ್ಮ ಜೇಬಿನಿಂದ ಫೋನು ತೆಗೆದ. "ಹಲೋ, ನಾಳೆ ಬರಬೇಡಪ್ಪ... ಇಲ್ಲ, ನಮ್ಮದಕ್ಕೆ ಬೇಡ... ಹೋದ್ರೆ ಹೋಗ್ಲಿ ಕಬ್ಬು, ನೋಡ್ಕೋತೀನಿ... ಯಾವಾಗ ಅಂತ ಈಗ ಹೇಳೋಕಾಗಲ್ಲ," ಅಂದು ಇಟ್ಟ. ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು. ಆದರೆ ಎಲೆ ಹಿಡಿದ ಕೈ ಅಲುಗಿಸಲಿಲ್ಲ.

ಎಲೆಯನ್ನು ಎರಡು ಗೇಣು ಉದ್ದಕ್ಕೆ ಕತ್ತರಿಸಿದರು. ಹುಳದಕ್ಕ ತಂದಿದ್ದ ನಳಿಕೆಗೆ ಅದು ಉದ್ದವಾಯಿತು. "ಕೊಡಿ ಇಲ್ಲಿ," ಅಂತ ತಮ್ಮನ ಹೆಂಡತಿ ಅದನ್ನು ಎರಡೂ ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡಳು. "ಹೀಗೇ ಒಯ್ತೀನಿ. ಕೋಣೆ ಬೀಗ ಯಾರ ಹತ್ರ ಇದೆ?"

"ಸೋಮವಾರದ ತನಕ ನನ್ನ ಹತ್ರ."

ಮೂವರೂ ಬದುವಿನ ದಾರಿ ಹಿಡಿದರು. ತಮ್ಮ ಮುಂದೆ ನಡೆದು ಅಡ್ಡ ಬಂದ ಗರಿಗಳನ್ನು ಸರಿಸುತ್ತಿದ್ದ. ಅವನ ಹಿಂದೆ ಹೆಂಡತಿ, ಬರಿಗಾಲಲ್ಲೇ, ಚಪ್ಪಲಿ ಮರೆತು. ಹುಳದಕ್ಕನಿಗೆ ಗಂಟಲಲ್ಲಿ ಕೆಮ್ಮು ಏರುತ್ತಿತ್ತು. ಅವಳು ನಿಂತು, ಅವರಿಬ್ಬರನ್ನು ಹತ್ತು ಹೆಜ್ಜೆ ಮುಂದೆ ಹೋಗಲು ಬಿಟ್ಟು, ಆಮೇಲೆ ಬಾಯಿಗೆ ಟವೆಲ್ ಒತ್ತಿಕೊಂಡು ಹಿಂದೆ ನಡೆದಳು.